ಬಾರ್ಬಿಗೆ ಮರದ ಮನೆ: ಅಳತೆ ಎಷ್ಟಿರಬೇಕು?

ಪ್ರಶ್ನೆ: ಆರು ವರ್ಷದ ಮಗಳ ಬಾರ್ಬಿಗೆ ನಾನೇ ಒಂದು ಮರದ ಮನೆ ಮಾಡಿಕೊಡಬೇಕು ಅಂತಿದ್ದೇನೆ. ಬಡಗಿ ಕೆಲಸ ಅಷ್ಟಾಗಿ ಗೊತ್ತಿಲ್ಲ. ಅಳತೆ ಎಷ್ಟು ಇಟ್ಟುಕೊಳ್ಳಲಿ, ಏನು ತರಲಿ?

ಮನೆ ಆಮೇಲೆ, ಮೊದಲು ಗೊಂಬೆಯನ್ನು ಅಳೆಯಿರಿ. ಬಾರ್ಬಿಯ ಎತ್ತರ ಸುಮಾರು 11.5 ಇಂಚು, ಅಂದರೆ ಮನುಷ್ಯರ ಆರನೇ ಒಂದು ಪಾಲು. ಹಾಗಾಗಿ ನಿಮ್ಮ ಮನೆಯ ಸಾಮಾನನ್ನೇ ಟೇಪು ಹಿಡಿದು ಅಳೆದು ಆರರಿಂದ ಭಾಗಿಸಿದರೆ ಸಾಕು. ಕುರ್ಚಿ 18 ಇಂಚು ಎತ್ತರ ಇದ್ದರೆ ಗೊಂಬೆಗೆ 3. ಊಟದ ಮೇಜು 30 ಇದ್ದರೆ 5. ಆರೂಕಾಲು ಅಡಿ ಮಂಚ ಹನ್ನೆರಡೂವರೆ ಇಂಚಾಗುತ್ತದೆ. ಚನ್ನಪಟ್ಟಣದ ಐದಾರು ಇಂಚಿನ ಗೊಂಬೆಗಳಾದರೆ ಇದೆಲ್ಲವೂ ಅರ್ಧ.

ಈ ಲೆಕ್ಕ ಸೂರಿಗೆ ಮಾತ್ರ ಬೇಡ. ಹತ್ತಡಿ ಸೂರು 20 ಇಂಚಾಗುತ್ತದೆ, ಅಷ್ಟು ಯಾಕೆ? ನಾವು ಮಾಡುವುದು ಎರಡು ಅಂತಸ್ತಿನ ಮನೆ, ಒಂದೊಂದಕ್ಕೂ 15 ಸಾಕು. ಗೊಂಬೆಯ ತಲೆ ತಾಗಬಾರದು, ಮಗುವಿನ ಕೈ ಸಲೀಸಾಗಿ ಒಳಗೆ ಹೋಗಬೇಕು, ಅಷ್ಟೇ. ಇದೇ ಕಾರಣಕ್ಕೆ ಮುಂದಿನ ಗೋಡೆ ಬೇಡವೇ ಬೇಡ. ಆಳವೂ ಒಂದಡಿ ದಾಟದಿರಲಿ.

12 ಮಿ.ಮೀ. ಪ್ಲೈವುಡ್ ತನ್ನಿ. ಎಂಟಡಿ ನಾಲ್ಕಡಿ ಹಾಳೆಯಲ್ಲಿ ಅರ್ಧ, ಅಂದರೆ 48ಕ್ಕೆ 48 ಇಂಚು ಸಾಕು. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅಗ್ಗ, ನಿಜ. ಆದರೆ ನೀರು ಬಿದ್ದರೆ ಉಬ್ಬುತ್ತದೆ, ಅಂಚಿಗೆ ಹಾಕಿದ ಸ್ಕ್ರೂ ಸಡಿಲವಾಗುತ್ತದೆ. ಅಂಗಡಿಯವರು ಕೊಯ್ದು ಕೊಡುವುದಾದರೆ ಹನ್ನೊಂದು ಮುಕ್ಕಾಲು ಇಂಚು ಅಗಲದ ನಾಲ್ಕು ಪಟ್ಟಿ ಮಾಡಿಸಿ. ಎರಡು ಪಟ್ಟಿಯಿಂದ ಮೂವತ್ತೊಂದೂವರೆ ಇಂಚಿನ ಪಕ್ಕದ ಗೋಡೆಗಳು, ಜೊತೆಗೆ 15 ಇಂಚಿನ ಎರಡು ತುಂಡು. ಇನ್ನೆರಡರಿಂದ ನೆಲ, ಮಹಡಿ, ಚಾವಣಿ ಅಂತ ಇಪ್ಪತ್ತಮೂರೂವರೆ ಇಂಚಿನ ಮೂರು ಹಲಗೆ. ಒಂದೆರಡು ನೂಲು (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು) ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

15 ಇಂಚಿನ ಒಂದು ತುಂಡು ನಡುಗೋಡೆಗೆ. ಅದನ್ನು ಸರಿಯಾಗಿ ನಡುವೆ ಇಡಬೇಡಿ! ಅಕ್ಕನ ಮಗಳಿಗೆ ಮಾಡುವಾಗ ನಾನು ಹಾಗೇ ಮಾಡಿದ್ದೆ. ಎರಡು ಕೋಣೆಗೂ ಹನ್ನೊಂದೂವರೆ ಇಂಚು ಬಂತು, ಹನ್ನೆರಡೂವರೆಯ ಮಂಚ ಎರಡರಲ್ಲೂ ಹಿಡಿಸಲಿಲ್ಲ. ಅಡುಗೆಮನೆಗೆ 9, ಉಳಿದದ್ದು ಕೋಣೆಗೆ ಅಂತ ಬಿಡಿ. ಮಹಡಿಯನ್ನು ಪೂರ್ತಿ ಖಾಲಿ ಬಿಟ್ಟರೂ ಚೆನ್ನ. ಉಳಿದ ತುಂಡುಗಳಲ್ಲಿ ಮಂಚ, ಮೇಜು ಆಗುತ್ತವೆ.

ಜೋಡಿಸುವಾಗ ಫೆವಿಕಾಲ್, ಸ್ಕ್ರೂ ಎರಡೂ ಇರಲಿ. ಮೊದಲು ಸಣ್ಣ ಬಿಟ್‌ನಿಂದ ತೂತು ಕೊರೆಯಿರಿ, ಇಲ್ಲದಿದ್ದರೆ ಪ್ಲೈನ ಅಂಚು ಸೀಳುತ್ತದೆ. ಹಿಂಬದಿಗೆ 4 ಮಿ.ಮೀ. ಪ್ಲೈ ಹೊಡೆಯುವ ಮುಂಚೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಒಂದೇ ಬಂದರೆ ಮನೆ ನೆಟ್ಟಗಿದೆ. ಬರದಿದ್ದರೆ ಫೆವಿಕಾಲ್ ಒಣಗುವ ಮೊದಲೇ ತಳ್ಳಿ ಸರಿಮಾಡಿ. ಈ ಹಿಂಬದಿ ಹಾಳೆ ಸುಮ್ನೆ ಚೆಂದಕ್ಕಲ್ಲ, ಅದಿಲ್ಲದಿದ್ದರೆ ಪೆಟ್ಟಿಗೆ ಆಚೀಚೆ ವಾಲಾಡುತ್ತದೆ.

ಬಣ್ಣದ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಅಟ್ಟದ ಮೇಲೆ ಬಿದ್ದಿರುವ ಹಳೇ ಡಬ್ಬಿ ತೆಗೆಯಲೇಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಡಬ್ಬಿಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು. ಹೊಸ ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿ, ನೀರಿನಲ್ಲಿ ಕರಗುವ ಬಣ್ಣವನ್ನೇ ತನ್ನಿ. ಬಳಿಯುವ ಮೊದಲು ಅಂಚನ್ನೆಲ್ಲ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಅಂಗೈ ಸವರಿ ನೋಡಿ. ಸಿಬಿರು ತಾಗಿದರೆ ಇನ್ನೊಮ್ಮೆ ಉಜ್ಜಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವೂ ಇದ್ದರೆ ಮಣಿ, ಗುಬುಟಿನಂಥ ಸಣ್ಣ ಸಾಮಾನು ಬೇಡ, ಸೀದಾ ಬಾಯಿಗೆ ಹೋಗುತ್ತವೆ.

ಮೆಟ್ಟಿಲು ಮಾಡಲಾ ಅಂತಲೂ ಎಲ್ಲರೂ ಕೇಳುತ್ತಾರೆ. ಮಾಡಬೇಡಿ. ಅರ್ಧ ಕೋಣೆ ತಿನ್ನುತ್ತದೆ. ಮಕ್ಕಳ ಗೊಂಬೆ ಮೆಟ್ಟಿಲು ಹತ್ತುವುದಿಲ್ಲ, ಹಾರಿಕೊಂಡೇ ಮಹಡಿಗೆ ಹೋಗುತ್ತದೆ, ಅಲ್ವಾ? ಬದಲಿಗೆ ಆ ಸಮಯದಲ್ಲಿ ಒಂದು ಎಲ್ ಕ್ಲಾಂಪ್ (L ಆಕಾರದ ಲೋಹದ ಪಟ್ಟಿ) ತಂದು ಮನೆಯನ್ನು ಗೋಡೆಗೆ ಬಿಗಿಯಿರಿ. ಗೊಂಬೆ ಹತ್ತದಿದ್ದರೂ ಮಗು ಹತ್ತಿಯೇ ಹತ್ತುತ್ತದೆ.