ಮಾಲೆ ಹಾಕಿದಾಗ ಬಿಡುವವನು ತೆಗೆದ ಮೇಲೆ ಯಾಕೆ ಕುಡಿಯುತ್ತಾನೆ?

"ಕಾಯಿಲೆಯಂತೆ ಕಾಯಿಲೆ! ಅಯ್ಯಪ್ಪನ ಮಾಲೆ ಹಾಕಿದ್ರೆ 41 ದಿನ ಒಂದು ಹನಿ ಮುಟ್ಟಲ್ಲ ಡಾಕ್ಟ್ರೇ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೇನೇ ಬಾರಲ್ಲಿರ್ತಾನೆ. ಇದು ಕೊಬ್ಬಲ್ದೆ ಮತ್ತೇನು?"

ಕುಡಿತದ ಚಟ ಒಂದು ಕಾಯಿಲೆ ಎಂದರೆ, ಸಂಕ್ರಾಂತಿ ಕಳೆದ ಮೇಲೆ ಮನೋವೈದ್ಯರಾದ ನಮ್ಮ ಓಪಿಡಿಯಲ್ಲಿ ಮನೆಯವರಿಂದ ಇದು ಮಾಮೂಲಿ ಮಾತು. ಚಟ ಕಾಯಿಲೆಯಲ್ಲ, ಅವರವರ ಆಯ್ಕೆ ಎನ್ನುವವರ ಬಳಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಯಾವ ಸೆಮಿನಾರಿನಲ್ಲೂ ಇಷ್ಟು ಚೆನ್ನಾಗಿ ಯಾರೂ ವಾದಿಸಿದ್ದನ್ನು ನಾನು ಕೇಳಿಲ್ಲ.

ಮಾಲೆ ಹಾಕಿದವನ ದಿನಚರಿ ನೋಡಿ. ನಸುಕಿಗೇ ತಣ್ಣೀರ ಸ್ನಾನ, ಸಂಜೆ ಭಜನೆ. ಹೆಂಡತಿ ಮಕ್ಕಳೂ 'ಸ್ವಾಮಿ' ಎಂದೇ ಕರೆಯುತ್ತಾರೆ. ಕುಡಿಯುವ ಗೆಳೆಯರು ತಾವಾಗಿಯೇ ದೂರ ಸರಿಯುತ್ತಾರೆ. ಗುರುಸ್ವಾಮಿಯ ಕಣ್ಣಿರುತ್ತದೆ, ಜೊತೆಗೆ ಹತ್ತು ಜನ ವ್ರತದಲ್ಲಿರುತ್ತಾರೆ, ಮುಗಿಯುವ ದಿನವೂ ಗೊತ್ತಿರುತ್ತದೆ. ವ್ಯಸನದ ಚಿಕಿತ್ಸೆಯಲ್ಲಿ ನಾವು ತಿಂಗಳುಗಟ್ಟಲೆ ಕಟ್ಟಲು ಹೆಣಗುವುದು ಇದನ್ನೇ. ಮಾಲೆ ತೆಗೆದ ದಿನ ಇಷ್ಟೂ ಒಟ್ಟಿಗೇ ಕಳಚಿಬೀಳುತ್ತದೆ. ಮಿದುಳು ಮಾತ್ರ ಹಳೆಯದೇ. ವರ್ಷಗಟ್ಟಲೆ ಕುಡಿದವನಿಗೆ ಬಾರಿನ ಬೋರ್ಡು, ಸಂಬಳದ ದಿನ, ಸಂಜೆ ಏಳು ಗಂಟೆ ಇವೇ ಸಾಕು. ಯೋಚನೆ ಏಳುವ ಮೊದಲೇ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಎದ್ದು ಆಸೆ ಕೆರಳಿಸಿರುತ್ತದೆ. ಬೇಡ ಎನ್ನಬೇಕಾದ ಹಣೆಯ ಹಿಂಭಾಗದ ಮಿದುಳು ಅಷ್ಟರಲ್ಲಾಗಲೇ ದುರ್ಬಲವಾಗಿರುತ್ತದೆ. ಅವನಿಗೆ ಆಯ್ಕೆಯೇ ಇಲ್ಲ ಎಂದು ನಾನು ಹೇಳಲಾರೆ. ಆ ಆಯ್ಕೆಗೆ ಒಂಟಿಯಾಗಿ ನಿಲ್ಲುವ ತ್ರಾಣವಿಲ್ಲ, ನನ್ನ ಮಟ್ಟಿಗೆ ಕಾಯಿಲೆ ಎಂದರೆ ಅದೇ. ಅದಕ್ಕೇ ಮಾಲೆ ತೆಗೆಯುವ ವಾರದ ಮೊದಲೇ ಕರೆತನ್ನಿ ಎನ್ನುತ್ತೇನೆ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿ ಶುರುಮಾಡಲು ಅದು ಒಳ್ಳೆಯ ಸಮಯ.

ಎಲ್ಲರಿಗೂ ವ್ರತ ಸಲೀಸಲ್ಲ. ಕೈನಡುಕ ನಿಲ್ಲಲು ಬೆಳಿಗ್ಗೆಯೇ ಕ್ವಾರ್ಟರ್ ಬೇಕಾದವನು ಏಕಾಏಕಿ ಬಿಟ್ಟರೆ ಮೊದಲೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ: ಗೋಡೆ ಮೇಲೆ ಹುಳ ಹರಿಯುತ್ತದೆ, ಹೊದಿಕೆಯಿಂದ ಇಲ್ಲದ ಏನನ್ನೋ ಹೆಕ್ಕುತ್ತಾನೆ, ಹೆಂಡತಿಯ ಗುರುತು ಹತ್ತುವುದಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿ ತೆಗೆಯುತ್ತ ಕೂತರೆ ಜೀವವೇ ಹೋಗಬಹುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಮುಚ್ಚಿದಾಗ ಇದು ಊರೂರಲ್ಲೂ ಕಂಡಿತು. ಎಷ್ಟೋ ಜನ ಸುಮ್ಮನೆ ಬಿಟ್ಟು ಇದ್ದರು, ಕೆಲವರು ತುರ್ತು ಚಿಕಿತ್ಸೆಗೆ ಬಂದರು. ಕೇರಳ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟಿತು. ಅಲ್ಲಿನ ಹೈಕೋರ್ಟ್ ಏಪ್ರಿಲ್‌ನಲ್ಲಿ ತಡೆಯಿತು. ಸರಿಯೇ ಆಯಿತು. ಈ ಸ್ಥಿತಿಗೆ ನಡುಕ, ಫಿಟ್ಸ್ ತಡೆಯುವ ಲೊರಾಜೆಪಾಮ್, ಬಿ1 ವಿಟಮಿನ್ ಆದ ಥಯಮಿನ್ ಇವೆ, ವೈದ್ಯರು ಬ್ರಾಂದಿ ಬರೆದುಕೊಡಬೇಕಿಲ್ಲ.

ಕಾಯಿಲೆ ಎಂದು ಒಪ್ಪಿಸಿದರೆ ಇನ್ನೊಂದು ತಾಪತ್ರಯ. "ಹಾಗಾದ್ರೆ ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸೋ ಮಾತ್ರೆ ಕೊಡಿ" ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಡೈಸಲ್ಫಿರಾಮ್. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ, ಸಾವೂ ಬರಬಹುದು. ತಿಳಿಯದೆ ತಿಂದವನಿಗೆ ಕುಡಿಯಬಾರದೆಂಬ ಎಚ್ಚರ ಎಲ್ಲಿಂದ ಬರಬೇಕು? ನಾನು ಬರೆಯುವುದಿಲ್ಲ. ಅದೇ ಮಾತ್ರೆಯನ್ನು, ತಪಾಸಣೆಗಳೆಲ್ಲ ಮುಗಿದ ಮೇಲೆ, ಅವನೇ ಒಪ್ಪಿ ದಿನಾ ಬೆಳಿಗ್ಗೆ ಹೆಂಡತಿಯ ಎದುರಿಗೇ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ.