ಪಟ್ಟಿ ಎತ್ತುವ ಮೊದಲು ಹಣದ ದಾರಿ ನೋಡಿ

ಪರದೇಶದ ಬಡ ಮಕ್ಕಳಿಗೆ ನೆರವಾಗಬೇಕು ಅಂತ ಹುಬ್ಬಳ್ಳಿಯ ಒಂದು ಓಣಿಯವರೋ, ಧಾರವಾಡದ ಒಂದು ಮಹಿಳಾ ಮಂಡಳವೋ ಮನಸ್ಸು ಮಾಡಿದರೆ ಹಣ ಕೂಡುವುದು ಕಷ್ಟದ ಕೆಲಸವಲ್ಲ. ಇದು ಜೋಳಿಗೆಯ ನಾಡು. ಸಿದ್ಧಾರೂಢ ಮಠದ ದಾಸೋಹ, ಧಾರವಾಡ ಮುರುಘಾಮಠದ ಪ್ರಸಾದನಿಲಯ, ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಲ್ಲವೂ ಜನ ಕೊಟ್ಟದ್ದರಿಂದಲೇ ನಡೆದು ಬಂದಿವೆ. ತೊಡಕು ಶುರುವಾಗುವುದು ಹಣ ಕೂಡಿದ ಮೇಲೆ. ಒಂದು ಲಕ್ಷ ರೂಪಾಯಿ ಒಬ್ಬರ ಉಳಿತಾಯ ಖಾತೆಯಲ್ಲಿ ಕೂತಿರುತ್ತದೆ, ಬ್ಯಾಂಕಿನವರು ಅದನ್ನು ಹೊರದೇಶಕ್ಕೆ ಕಳಿಸಲು ಒಪ್ಪುವುದಿಲ್ಲ, ಕೊಟ್ಟವರು "ಎಲ್ಲೀಗ್ ಬಂತ್ರೀ ನಮ್ಮ ರೊಕ್ಕ?" ಅಂತ ಕೇಳತೊಡಗುತ್ತಾರೆ. ಗಣಪತಿ ಪಟ್ಟಿ ಎತ್ತಿದ ಹಾಗೆ ಇದನ್ನೂ ಎತ್ತಿದರೆ ಆಗುವುದು ಇದೇ. ಆದ್ದರಿಂದ ಮೊದಲ ರೂಪಾಯಿ ಕೇಳುವ ಮುನ್ನವೇ ಹಣ ಯಾವ ದಾರಿಯಿಂದ ಹೋಗುತ್ತದೆ ಎಂಬುದು ತೀರ್ಮಾನವಾಗಿರಬೇಕು.

ಭಾರತದಲ್ಲಿ ವಾಸಿಸುವ ಒಬ್ಬ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ, ಅಂದರೆ ಬ್ಯಾಂಕುಗಳಲ್ಲಿ ಎಲ್‌ಆರ್‌ಎಸ್ ಎನ್ನುವ ವ್ಯವಸ್ಥೆಯಡಿ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ದಾನವೂ ಇದರಲ್ಲಿ ಸೇರಿದೆ. ಪ್ಯಾನ್ ಕಡ್ಡಾಯ. ಶಾಖೆಯಲ್ಲಿ ಎ2 ಎಂಬ ಫಾರ್ಮ್ ತುಂಬಿ, ಉದ್ದೇಶದ ಸಂಕೇತವಾಗಿ ಎಸ್1303 ಬರೆಯಬೇಕು. ವಿದೇಶದ ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಿಗೆ ಕೊಡುವ ದಾನಕ್ಕೆ ಇರುವ ಸಂಕೇತ ಅದು. ಬಹಳ ಜನ ಎಸ್1301 ಬರೆದುಬಿಡುತ್ತಾರೆ. ಅದು ಕುಟುಂಬದ ಜೀವನ ನಿರ್ವಹಣೆಗೆ ಕಳಿಸುವ ಹಣದ ಸಂಕೇತ. ಹಣ ಪಡೆಯುವುದು ಸಂಸ್ಥೆ, ಕಾರಣ ಮಾತ್ರ ಕುಟುಂಬ ಎಂದಿದ್ದರೆ ಕಾಗದ ವಾಪಸ್ ಬರುತ್ತದೆ.

ಅದೇ ಎ2 ಫಾರ್ಮಿನಲ್ಲಿ ಸಹಿ ಮಾಡುವ ಘೋಷಣೆಯನ್ನು ಜನ ಓದುವುದೇ ಇಲ್ಲ. "ಈ ಹಣದ ಮೂಲ ನನ್ನದೇ" ಎಂದು ಅದರಲ್ಲಿ ಒಪ್ಪಿಕೊಳ್ಳಬೇಕು. ನಲವತ್ತು ಮಂದಿಯಿಂದ ಕೂಡಿಸಿದ ಹಣವನ್ನು ಒಬ್ಬರು ತಮ್ಮ ಹೆಸರಲ್ಲಿ ಕಳಿಸಿದರೆ ಆ ಘೋಷಣೆ ಸುಳ್ಳಾಗುತ್ತದೆ. ಇದು ಬರೀ ತಾಂತ್ರಿಕ ತಪ್ಪಲ್ಲ, ವಿದೇಶಿ ವಿನಿಮಯ ಕಾಯ್ದೆಯ ವಿಷಯ. ಅದರ ಮೇಲೆ ಆದಾಯ ತೆರಿಗೆಯ ಕಾಟವೂ ಇದೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿ ಬಂದರೆ, ಮೀರಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತವನ್ನು ಪಡೆದವರ ಆದಾಯ ಎಂದು ಎಣಿಸಬಹುದು. ತಮ್ಮ ಸ್ವಂತ ಕ್ಯೂಆರ್ ಕೋಡನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ ಒಳ್ಳೆಯ ಕೆಲಸಕ್ಕೆ ಕೈ ಹಾಕುವವರು ಈ ಎರಡನ್ನೂ ಒಟ್ಟಿಗೇ ತಲೆಯ ಮೇಲೆ ಎಳೆದುಕೊಳ್ಳುತ್ತಾರೆ.

ಹಾಗಾದರೆ ಟ್ರಸ್ಟ್ ಮೂಲಕ ಕಳಿಸೋಣ ಅನ್ನುವುದು ಮುಂದಿನ ಯೋಚನೆ. ಅದೂ ಸಲೀಸಲ್ಲ. ಎಲ್‌ಆರ್‌ಎಸ್ ಇರುವುದು ವ್ಯಕ್ತಿಗಳಿಗೆ ಮಾತ್ರ. ಟ್ರಸ್ಟ್, ಸಂಘ, ಪಾಲುದಾರಿಕೆ, ಕಂಪನಿ, ಹಿಂದೂ ಅವಿಭಕ್ತ ಕುಟುಂಬ ಯಾವುದಕ್ಕೂ ಇಲ್ಲ. ಇದರ ಜತೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 11(1)(ಸಿ) ಹೇಳುವುದೇನೆಂದರೆ, ದತ್ತಿ ಸಂಸ್ಥೆ ಭಾರತದ ಹೊರಗೆ ಖರ್ಚು ಮಾಡಿದ ಆದಾಯಕ್ಕೆ ತೆರಿಗೆ ವಿನಾಯಿತಿ ಬೇಕಿದ್ದರೆ ಕೇಂದ್ರ ನೇರ ತೆರಿಗೆ ಮಂಡಳಿಯ ಆದೇಶ ಇರಬೇಕು. 1952ರ ಏಪ್ರಿಲ್ 1ರಂದು ಅಥವಾ ಅದರ ನಂತರ ಹುಟ್ಟಿದ ಸಂಸ್ಥೆಯಾದರೆ, ಆ ಕೆಲಸ ಭಾರತಕ್ಕೆ ಆಸಕ್ತಿಯಿರುವ ಅಂತಾರಾಷ್ಟ್ರೀಯ ಕಲ್ಯಾಣಕ್ಕೆ ಸಂಬಂಧಿಸಿದ್ದು ಎಂದೂ ತೋರಿಸಬೇಕು. (2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಯಲ್ಲಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಇಲ್ಲಿ ಕೊಟ್ಟಿರುವವು ಎಲ್ಲರಿಗೂ ರೂಢಿಯಿರುವ ಹಳೆಯ ಸಂಖ್ಯೆಗಳು.) ಓಣಿಯ ಸಣ್ಣ ಟ್ರಸ್ಟಿಗೆ ಈ ಆದೇಶ ಪಡೆಯುವುದು ಕೈಗೆಟಕುವ ಮಾತಲ್ಲ. ಈಗಾಗಲೇ ಅಂಥ ಆದೇಶ ಇರುವ ಭಾರತೀಯ ಸಂಸ್ಥೆಗೆ ಕೊಡುವುದಾದರೆ ಆದೇಶದ ಪ್ರತಿ, ಅದರ ಅವಧಿ, ಅದು ಯಾವ ದೇಶದ ಯಾವ ಕೆಲಸಕ್ಕೆ ಎಂಬುದನ್ನು ಕೇಳಿ ಪಡೆಯಿರಿ. "ನಮಗೆ 80ಜಿ ಇದೆ" ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ. 80ಜಿ ದಾನಿಯ ತೆರಿಗೆ ಕಡಿತದ ವಿಷಯ, ಹೊರಗೆ ಖರ್ಚು ಮಾಡುವ ಅನುಮತಿಯಲ್ಲ. 2022ರಲ್ಲಿ ಶ್ರೀಲಂಕಾದ ಜನರಿಗೆ ಅಕ್ಕಿ, ಹಾಲಿನ ಪುಡಿ, ಔಷಧ ಕಳಿಸಲು ತಮಿಳುನಾಡು ಸರ್ಕಾರವೇ ಕೇಂದ್ರದ ಅನುಮತಿ ಪಡೆಯಬೇಕಾಗಿತ್ತು.

ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಿಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ, ಕೇಳಿಕೊಂಡು ಅಲೆಯಬೇಡಿ. ನಿಯಮದಲ್ಲೇ ಭಾರತದ ಹೊರಗಿನ ಚಟುವಟಿಕೆಯನ್ನು ಸಿಎಸ್‌ಆರ್ ಲೆಕ್ಕದಿಂದ ತೆಗೆದಿಡಲಾಗಿದೆ. ಭಾರತದ ಕ್ರೀಡಾಪಟುಗಳ ತರಬೇತಿ ಒಂದೇ ಅಪವಾದ. ಮಾಲೀಕರು ತಮ್ಮ ಸ್ವಂತ ಹಣದಿಂದ, ವ್ಯಕ್ತಿಯಾಗಿ ಕೊಡಬಹುದು. ಕೇಳುವುದಿದ್ದರೆ ಹಾಗೇ ಕೇಳಿ.

ಅಮೆರಿಕದಲ್ಲಿರುವ ನಮ್ಮವರ ಹಣವನ್ನು ಇಲ್ಲಿಗೆ ತರಿಸಿ ಮತ್ತೆ ನೇಪಾಳಕ್ಕೆ ಕಳಿಸುವ ಆಲೋಚನೆ ಇನ್ನೂ ಅಪಾಯದ್ದು. ಅಲ್ಲಿನ ಪೌರತ್ವ ಪಡೆದವರು ನಮ್ಮ ಊರಿನ ಮಕ್ಕಳೇ ಆಗಿದ್ದರೂ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಲ್ಲಿ ವಿದೇಶಿ ಮೂಲ. ಅವರಿಂದ ಸಂಘ ಪಡೆಯುವ ದೇಣಿಗೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಅವರಿಗೆ ಹೇಳಬೇಕಾದದ್ದು ಒಂದೇ: ನೀವಿರುವ ದೇಶದಿಂದ ನೇರವಾಗಿ ಆ ಸಂಸ್ಥೆಗೇ ಕೊಡಿ.

ಇಷ್ಟೆಲ್ಲ ಆದ ಮೇಲೆ ಓಣಿಯ ಗುಂಪಿಗೆ ಉಳಿಯುವ ಸುಲಭದ ದಾರಿ ಯಾವುದು? ಹಣವನ್ನು ಗುಂಪು ಮುಟ್ಟದಿರುವುದು. ಗುಂಪು ಸಂಸ್ಥೆಯನ್ನು ಹುಡುಕಿ, ಪರೀಕ್ಷಿಸಿ, ಕಾಗದ ತಯಾರಿಸಿ ಕೊಡಲಿ. ಪ್ರತಿ ಮನೆಯವರು ತಮ್ಮ ಖಾತೆಯಿಂದ ತಾವೇ ಕಳಿಸಲಿ. ಆದರೆ ಇಲ್ಲಿ ಶುಲ್ಕದ ಲೆಕ್ಕ ಗೊತ್ತಿಲ್ಲದಿದ್ದರೆ ದಾನದ ದೊಡ್ಡ ಪಾಲು ಬ್ಯಾಂಕಿನ ಪಾಲಾಗುತ್ತದೆ. ಕಮಿಷನ್ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಲೆಕ್ಕಕ್ಕೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ 18% ಜಿಎಸ್‌ಟಿ 180. ಕರೆನ್ಸಿ ಬದಲಾವಣೆಗೆ ಬೇರೆ ಜಿಎಸ್‌ಟಿ ಇದೆ: ಒಂದು ಲಕ್ಷದವರೆಗೆ ಮೊತ್ತದ 1%, ಕನಿಷ್ಠ 250 ರೂಪಾಯಿಯನ್ನು ಬೆಲೆ ಎಂದು ಹಿಡಿದು ಅದರ ಮೇಲೆ 18%, ಅಂದರೆ ಕನಿಷ್ಠ 45 ರೂಪಾಯಿ. ಹೀಗೆ 5,000 ರೂಪಾಯಿ ಕಳಿಸಿದರೆ 1,225 ರೂಪಾಯಿ, ಹೆಚ್ಚುಕಡಿಮೆ ಕಾಲು ಭಾಗ, ದಾರಿಯಲ್ಲೇ ಹೋಯಿತು. ತಿಂಗಳಿಗೆ 5,000ದಂತೆ ಹನ್ನೆರಡು ಸಲ ಕಳಿಸಿದರೆ ಖರ್ಚು 14,700. ಅದೇ ಹಣವನ್ನು ಆರ್‌ಡಿಯಲ್ಲಿ ಕೂಡಿಟ್ಟು ವರ್ಷಕ್ಕೊಮ್ಮೆ 60,000 ಕಳಿಸಿದರೆ ಖರ್ಚು 1,288. ಡಾಲರಿನ ದರದಲ್ಲಿ ಬ್ಯಾಂಕು ಇಟ್ಟುಕೊಳ್ಳುವ ಅಂತರ ಇದರಲ್ಲಿ ಸೇರಿಲ್ಲ, ಅದನ್ನು ಶಾಖೆಯಲ್ಲಿ ಕೇಳಿಯೇ ತಿಳಿಯಬೇಕು. ನಡುವಿನ ಬ್ಯಾಂಕು ಹಿಡಿಯುವ ಶುಲ್ಕವೂ ಬೇರೆ. ಫಾರ್ಮಿನಲ್ಲಿ ಶುಲ್ಕ ಯಾರದು ಎಂಬ ಜಾಗದಲ್ಲಿ ಕಳಿಸುವವರೇ ಎಲ್ಲವನ್ನೂ ಭರಿಸುವ ಆಯ್ಕೆ ಗುರುತಿಸಿದರೆ ಸಂಸ್ಥೆಗೆ ಕಡಿತವಾಗದೆ ಮುಟ್ಟುವ ಸಾಧ್ಯತೆ ಹೆಚ್ಚು.

ಒಂದೇ ಮನೆಯವರು ಕೂಡಿಸಿ ಒಬ್ಬರ ಹೆಸರಲ್ಲಿ ಕಳಿಸಬಹುದು. ಗಂಡ-ಹೆಂಡತಿ, ತಂದೆ-ಮಕ್ಕಳು, ಅಣ್ಣ-ತಮ್ಮಂದಿರ ನಡುವಿನ ಕೊಡುಗೆಗೆ ತೆರಿಗೆ ಇಲ್ಲ, ಕೊಟ್ಟ ಮೇಲೆ ಅದು ಪಡೆದವರ ಸ್ವಂತ ಹಣ. ಬಿಳಿ ಹಾಳೆಯ ಮೇಲೆ ಒಂದು ಕೊಡುಗೆ ಪತ್ರ ಬರೆದಿಟ್ಟರೆ ಸಾಕು. ವರ್ಷದಲ್ಲಿ ಎಲ್‌ಆರ್‌ಎಸ್ ಅಡಿ ಕಳಿಸಿದ್ದು 10 ಲಕ್ಷ ದಾಟಿದರೆ, ದಾನದಂಥ ಉದ್ದೇಶಕ್ಕೆ ಮೀರಿದ ಭಾಗದ ಮೇಲೆ 20% ಟಿಸಿಎಸ್, ಅಂದರೆ ಬ್ಯಾಂಕು ಮೊದಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ನೇಪಾಳ ಮತ್ತು ಭೂತಾನ್ ಮಾತ್ರ ಬೇರೆ: ಅಲ್ಲಿನ ನಿವಾಸಿಗಳ ಜತೆಗಿನ ವ್ಯವಹಾರಕ್ಕೆ ವಿದೇಶಿ ವಿನಿಮಯ ತೆಗೆಯುವಂತಿಲ್ಲ. ಅಲ್ಲಿಗೆ ರೂಪಾಯಿಯಲ್ಲೇ ಹೋಗಬೇಕು, ಅದಕ್ಕೆ ಬ್ಯಾಂಕಿನ ದಾರಿ ಬೇರೆ, ಮೊದಲೇ ವಿಚಾರಿಸಿ. ನೇರವಾಗಿ ವಿದೇಶಿ ಸಂಸ್ಥೆಗೆ ಕೊಟ್ಟ ಹಣಕ್ಕೆ 80ಜಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಭಾರತೀಯ ಟ್ರಸ್ಟಿಗೆ ಕೊಟ್ಟರೂ ಸಿಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ತೆರಿಗೆಯ ಆಸೆ ತೋರಿಸಿ ದಾನ ಕೇಳುವವರ ಮಾತು ಈಗ ಮೊದಲಿನಷ್ಟು ನಡೆಯುವುದಿಲ್ಲ; ನಮ್ಮ ಕಡೆ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಸುಗ್ಗಿಯ ನಂತರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ಮೇಲೆ. ಕೇಳುವ ಕಾಲ ಅದು.

ಇನ್ನು ಯಾರಿಗೆ ಕೊಡುವುದು. ನಮ್ಮ ಪ್ರಕಾರ ಅತಿ ಹೆಚ್ಚು ಎಚ್ಚರ ಬೇಕಾದದ್ದು ಅನಾಥಾಲಯದ ವಿಷಯದಲ್ಲಿ. ಬಡ ದೇಶಗಳ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಅವರನ್ನು ಅಲ್ಲಿಗೆ ತಂದದ್ದು ಬಡತನ, ಕೆಲವು ಕಡೆ ದಾನಿಗಳ ಹಣಕ್ಕಾಗಿ ಮಕ್ಕಳನ್ನು ಹುಡುಕಿ ತರುವ ದಲ್ಲಾಳಿಗಳು. ನೇಪಾಳದಲ್ಲಿ ಇದು ಬಹಿರಂಗವಾಗಿ ಚರ್ಚೆಯಾದ ಸಮಸ್ಯೆ, 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಈ ಬಗ್ಗೆ ಕಳವಳ ತೋರಿಸಿದೆ. ನಾವು ಕಳಿಸಿದ ಹಣದಿಂದ ಒಂದು ಮಗು ತಾಯಿಯಿಂದ ದೂರವಾದರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಆದ್ದರಿಂದ ಕೇಳಿ: ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಆ ಮನೆಗೆ ಏನು ಸಹಾಯ ಕೊಟ್ಟಿರಿ? ಇದಕ್ಕೆ ಉತ್ತರವಿಲ್ಲದ ಸಂಸ್ಥೆಗೆ ಕೊಡಬೇಡಿ.

ನೋಂದಣಿ ನೋಡುವುದು ಸುಲಭ. ಇಂಗ್ಲೆಂಡಿನ ಚಾರಿಟಿ ಕಮಿಷನ್ ದಾಖಲೆ ಯಾರು ಬೇಕಾದರೂ ನೋಡಬಹುದು. ಅಮೆರಿಕದ ಸಂಸ್ಥೆಗಳ ಫಾರ್ಮ್ 990ರಲ್ಲಿ ಸಂಬಳ, ಖರ್ಚು ಎಲ್ಲ ಇರುತ್ತದೆ. ನೇಪಾಳದ ಸಂಸ್ಥೆ ವಿದೇಶಿ ನೆರವು ಪಡೆಯಲು ಅಲ್ಲಿನ ಸಮಾಜ ಕಲ್ಯಾಣ ಪರಿಷತ್ತಿನ ಜತೆ ಸೇರಿರಬೇಕು. ಬ್ಯಾಂಕ್ ಖಾತೆಯ ಹೆಸರು ನೋಂದಣಿಯ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕಾರ್ಯದರ್ಶಿಯ ಸ್ವಂತ ಖಾತೆ ಕೊಟ್ಟರೆ ಅಲ್ಲಿಗೆ ನಿಲ್ಲಿಸಿ. ಕಳಿಸುವ ಹಿಂದಿನ ದಿನ "ಖಾತೆ ಬದಲಾಗಿದೆ" ಎಂಬ ಇಮೇಲ್ ಬಂದರೆ ಅದು ಬಹುತೇಕ ವಂಚನೆ. ಮೊದಲಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಕೇಳುವ ಕಾರಣವನ್ನೂ ತೂಗಿ ನೋಡಬೇಕು. ಕೀನ್ಯಾದ ಸರ್ಕಾರಿ ಶಾಲೆಗಳಲ್ಲಿ 2003ರಿಂದ ಪ್ರಾಥಮಿಕ ಶಿಕ್ಷಣಕ್ಕೆ ಶುಲ್ಕವಿಲ್ಲ, ಉಗಾಂಡಾ ಆ ದಾರಿ ಹಿಡಿದದ್ದು 1997ರಲ್ಲಿ. ಹಾಗಿರುವಾಗ "ಪ್ರಾಥಮಿಕ ಶಾಲೆಯ ಫೀ" ಎಂದು ಬಂದ ಮನವಿಗೆ ಯಾವ ಶಾಲೆ, ಯಾವ ಫೀ ಎಂದು ಕೇಳಲೇಬೇಕು. ಸಮವಸ್ತ್ರ, ಪುಸ್ತಕ, ಪರೀಕ್ಷೆಯ ಖರ್ಚು, ಮಧ್ಯಾಹ್ನದ ಊಟ ಅಂದರೆ ಅದು ನಿಜವಾದ ಕೊರತೆ ಇರಬಹುದು. ಶಾಲೆಯ ಖರ್ಚು ಒಪ್ಪಿಕೊಂಡರೆ ಕನಿಷ್ಠ ಮೂರು ವರ್ಷ ಕೊಡುವ ಶಕ್ತಿ ಇರಬೇಕು. ಒಂದು ವರ್ಷ ಕೊಟ್ಟು ಕೈಬಿಟ್ಟರೆ ಆ ಮಗುವಿನ ಓದು ನಡುವಿನಲ್ಲೇ ನಿಲ್ಲುತ್ತದೆ.

ಆಹಾರದ ನೆರವು ಅಂದರೆ ಏನು ಎಂದು ಗೊತ್ತಿದ್ದರೆ ದಾನಿಗಳಿಗೆ ಸರಿಯಾಗಿ ಹೇಳಬಹುದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಮಧ್ಯದ ಸುತ್ತಳತೆಯನ್ನು ಬಣ್ಣದ ಪಟ್ಟಿಯಿಂದ ಅಳೆಯುತ್ತಾರೆ. 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 115ರಿಂದ 125ರ ನಡುವೆ ಮಧ್ಯಮ. ತೀವ್ರವಾದರೂ ಬೇರೆ ಕಾಯಿಲೆಯ ತೊಡಕಿಲ್ಲದ ಮಗುವಿಗೆ ಮನೆಯಲ್ಲೇ ಕೊಡುವ ಚಿಕಿತ್ಸಾ ಆಹಾರ ನಮ್ಮ ಶೇಂಗಾದಿಂದಲೇ ಆದದ್ದು: ಶೇಂಗಾ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜ. 92 ಗ್ರಾಂ ಪೊಟ್ಟಣದಲ್ಲಿ ಸುಮಾರು 500 ಕಿಲೊಕ್ಯಾಲೊರಿ. ನೀರು ಬೇಡ, ಬೇಯಿಸುವುದು ಬೇಡ, ಎರಡು ವರ್ಷ ಕೆಡುವುದಿಲ್ಲ. ಒಂದು ಮಗುವಿಗೆ ಆರರಿಂದ ಎಂಟು ವಾರಕ್ಕೆ ಸುಮಾರು 150 ಪೊಟ್ಟಣ, ಅಂದರೆ ಒಂದು ಪೆಟ್ಟಿಗೆ. "ಒಂದು ಪೆಟ್ಟಿಗೆಗೆ ಒಂದು ಮಗು" ಎಂದರೆ ಗದಗದ ರೈತನಿಗೂ ಲೆಕ್ಕ ಕೂಡಲೇ ತಿಳಿಯುತ್ತದೆ. ಇದನ್ನು ಮನೆಯಲ್ಲಿ ತಯಾರಿಸಿ ಕಳಿಸುತ್ತೇವೆ ಎಂದು ಹೊರಡಬೇಡಿ: ಶೇಂಗಾದಲ್ಲಿ ಬರುವ ಬೂಷ್ಟಿನ ವಿಷದ ಪರೀಕ್ಷೆ, ಖನಿಜಗಳ ತೂಕ, ಗಾಳಿಯಾಡದ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಮಾತ್ರ ಸಾಧ್ಯ.

ಹಳೆಯ ಬಟ್ಟೆ ಕಳಿಸುವ ಆಸೆಯೂ ಎಲ್ಲರಿಗೂ ಬರುತ್ತದೆ. ವಿಮಾನದ ಕೊರಿಯರ್‌ನವರು ನಿಜ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ಹಣ ಕೇಳುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದೇ ಗಾತ್ರದ ತೂಕ. 60×45×45 ಪೆಟ್ಟಿಗೆಯಲ್ಲಿ 12 ಕಿಲೊ ಬಟ್ಟೆ ಇದ್ದರೂ ಹಣ 24.3 ಕಿಲೊಗೆ. ಮೇಲೆ ಆ ದೇಶದ ಸುಂಕ. ರುವಾಂಡಾ 2016ರಲ್ಲಿ ಹಳೆಯ ಬಟ್ಟೆಯ ಸುಂಕವನ್ನು ಕಿಲೊಗೆ 20 ಸೆಂಟಿನಿಂದ ಎರಡೂವರೆ ಡಾಲರಿಗೆ ಏರಿಸಿತು. ಬಟ್ಟೆ ಇಲ್ಲೇ ಕೊಡಿ, ಅಲ್ಲಿಗೆ ಹಣ ಕಳಿಸಿ.

ಐನೂರು, ಸಾವಿರ ಕೊಡುವವರನ್ನು ಏನು ಮಾಡುವುದು? ಅವರ ಹಣಕ್ಕೆ ವಿದೇಶಿ ರವಾನೆ ತಕ್ಕದ್ದಲ್ಲ. ಹುಬ್ಬಳ್ಳಿಗೆ ಹತ್ತಿರದ ಮುಂಡಗೋಡದಲ್ಲಿ 1966ರಿಂದ ಟಿಬೆಟ್ ನಿರಾಶ್ರಿತರ ನೆಲೆ ಇದೆ. ಊರು ಬಿಟ್ಟು ಬಂದವರ ಮಕ್ಕಳಿಗೆ ಇಲ್ಲೇ ಖರ್ಚು ಮಾಡುವ ನೋಂದಾಯಿತ ಭಾರತೀಯ ಸಂಸ್ಥೆಗೆ ಕೊಟ್ಟರೆ ಡಾಲರೂ ಬೇಡ, ತೆರಿಗೆ ಮಂಡಳಿಯ ಆದೇಶವೂ ಬೇಡ. ಇಂಥ ಸಂಗ್ರಹವನ್ನು ಸಂಸ್ಥೆಯ ಖಾತೆಗೇ, ಸಂಸ್ಥೆಯ ಕ್ರಮಸಂಖ್ಯೆಯ ಪಾವತಿ ಪುಸ್ತಕದಲ್ಲೇ ಮಾಡಿ. ನಗದು 2,000 ರೂಪಾಯಿ ಮೀರಿದರೆ 80ಜಿ ಹೋಗುತ್ತದೆ. ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಅಂದೇ ಬರೆದುಕೊಳ್ಳಿ, ಏಕೆಂದರೆ ಸಂಸ್ಥೆ ಮುಂದಿನ ಮೇ 31ರೊಳಗೆ ದಾನಗಳ ವಿವರ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ. ಹುಂಡಿ ಇಟ್ಟರೆ ಹೆಸರಿಲ್ಲದ ದಾನ ಬರುತ್ತದೆ. ಒಂದು ಲಕ್ಷ ಅಥವಾ ಒಟ್ಟು ದಾನದ 5%, ಯಾವುದು ಹೆಚ್ಚೋ ಅದನ್ನು ಮೀರಿದ ಹೆಸರಿಲ್ಲದ ದಾನಕ್ಕೆ ದತ್ತಿ ಸಂಸ್ಥೆ 30% ತೆರಿಗೆ ಕಟ್ಟಬೇಕು.

ಮನವಿಯ ಕಾಗದದಲ್ಲಿ ಸಂಸ್ಥೆಯ ಹೆಸರು, ದೇಶ, ನೋಂದಣಿ ಸಂಖ್ಯೆ, ಗುರಿಯ ಮೊತ್ತ, ಹೆಚ್ಚು ಬಂದರೆ ಅಥವಾ ಕಡಿಮೆ ಬಿದ್ದರೆ ಏನು ಮಾಡುತ್ತೀರಿ ಎಂಬುದು ಇರಲಿ. ಅಳುವ ಮಗುವಿನ ಮುಖ ಬೇಡ. ಮಗುವಿನ ಹೆಸರು, ಊರು, ಶಾಲೆ ಮೂರೂ ಒಂದೇ ಕಡೆ ಅಚ್ಚಾಗದಂತೆ ನೋಡಿಕೊಳ್ಳಿ; ನಮ್ಮ ಮನೆಯ ಮಕ್ಕಳ ವಿವರ ಗೊತ್ತಿಲ್ಲದವರ ಫೋನಿನಲ್ಲಿ ತಿರುಗಾಡುವುದನ್ನು ನಾವು ಒಪ್ಪುತ್ತೇವೆಯೇ? ಚಿತ್ರ ಬೇಕೇಬೇಕು ಎಂದಾದರೆ ಪಾಲಕರ ಒಪ್ಪಿಗೆ ಅವರ ಭಾಷೆಯಲ್ಲೇ ಬರೆಸಿಕೊಂಡದ್ದು ಸಂಸ್ಥೆಯ ಬಳಿ ಇದೆಯೇ ಎಂದು ಕೇಳಿ.

ಹಣ ಕಳಿಸಿದ ದಿನ ಬ್ಯಾಂಕಿನಿಂದ ಸ್ವಿಫ್ಟ್ ಸಂದೇಶದ, ಅಂದರೆ ನಮ್ಮ ಬ್ಯಾಂಕು ಹೊರದೇಶದ ಬ್ಯಾಂಕಿಗೆ ಕಳಿಸುವ ಪಾವತಿ ಸೂಚನೆಯ ಪ್ರತಿ ತೆಗೆದುಕೊಳ್ಳಿ. ವಾರದೊಳಗೆ ಸಂಸ್ಥೆಯಿಂದ ಎಷ್ಟು ಮುಟ್ಟಿತು ಎಂಬ ರಸೀದಿ ಬರಬೇಕು. ಬರದಿದ್ದರೆ ಆ ಪ್ರತಿಯಲ್ಲಿರುವ ಉಲ್ಲೇಖ ಸಂಖ್ಯೆ ಹಿಡಿದು ಶಾಖೆಯಲ್ಲಿ ಹುಡುಕಾಟಕ್ಕೆ ಅರ್ಜಿ ಕೊಡಿ. ಹೆಸರು ಹೊಂದದೆ ಹಣ ವಾಪಸಾದರೆ ಶುಲ್ಕವೂ ದರದ ವ್ಯತ್ಯಾಸವೂ ಕಡಿತವಾಗಿ ಕಳಿಸಿದವರ ಖಾತೆಗೇ ಬರುತ್ತದೆ. ಪ್ರತಿ ಮನೆಯವರು ತಮ್ಮ ಖಾತೆಯಿಂದಲೇ ಕಳಿಸಿದ್ದರೆ ಯಾರ ಹಣ ಎಷ್ಟು ಎಂಬ ಜಗಳ ಆಗಲೂ ಹುಟ್ಟುವುದಿಲ್ಲ.