ಒಟ್ಟಿಗೆ ಬೆಟ್ಟ ಹತ್ತಿದರೆ ಹಗೆ ಕಡಿಮೆಯಾಗುತ್ತದಾ?

ಓದುಗರ ಪ್ರಶ್ನೆ: ಪರಸ್ಪರ ಆಗದ ಎರಡು ಸಮುದಾಯಗಳ ಹುಡುಗ ಹುಡುಗಿಯರನ್ನು ಒಟ್ಟಿಗೆ ಚಾರಣಕ್ಕೆ, ದೋಣಿ ನಡೆಸುವುದಕ್ಕೆ ಕರೆದುಕೊಂಡು ಹೋಗುತ್ತಾರೆ ಅಂತ ಓದಿದೆ. ನಾಲ್ಕು ದಿನ ಬೆಟ್ಟ ಹತ್ತಿದ ಮಾತ್ರಕ್ಕೆ ತಲೆಮಾರುಗಳ ದ್ವೇಷ ಹೋಗುತ್ತದಾ? ಇಲ್ಲಾ ಇದು ಸುಮ್ನೆ ಒಂದು ಪಿಕ್ನಿಕ್ಕಾ?

ದ್ವೇಷ ಹೋಗುವುದಿಲ್ಲ. ಆದರೆ ಆ ಕಡೆಯ ಒಬ್ಬಿಬ್ಬರ ಮೇಲೆ ನಂಬಿಕೆ ಹುಟ್ಟಬಹುದು. ಆ ನಂಬಿಕೆ ಉಳಿಯುವುದೂ ಅಳಿಯುವುದೂ ಬೆಟ್ಟದ ಮೇಲಲ್ಲ, ಇಳಿದು ಮನೆಗೆ ಹೋದ ಮೇಲೆ ತೀರ್ಮಾನವಾಗುತ್ತದೆ. ನನ್ನ ಉತ್ತರ ಇಷ್ಟೇ, ಆದರೆ ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಯೋಚನೆಗೆ ಹಳೆಯ ಬೇರಿದೆ. ನಾಜಿಗಳನ್ನು ಎದುರು ಹಾಕಿಕೊಂಡು ಜರ್ಮನಿ ಬಿಡಬೇಕಾದ ಶಿಕ್ಷಕ ಕರ್ಟ್ ಹಾನ್, 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ಶಿಕ್ಷಣದ ಶಾಲೆ ಶುರುವಾಗಲು ಕಾರಣರಾದರು. ಕಡಲು, ಬೆಟ್ಟ, ಕಷ್ಟದ ಕೆಲಸ ಇವು ಮನುಷ್ಯನನ್ನು ಬೆಳೆಸುತ್ತವೆ ಎಂಬುದು ಅವರ ನಂಬಿಕೆ. ಇನ್ನೊಂದು ಬೇರು ಮನಃಶಾಸ್ತ್ರದ್ದು. ಗೋರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ್ದು ಹೀಗೆ: ಎರಡು ಗುಂಪಿನವರು ಬರೀ ಭೇಟಿಯಾದರೆ ಸಾಲದು. ಅಲ್ಲಿ ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೈಜೋಡಿಸಬೇಕು, ಮೇಲಿನವರ ಬೆಂಬಲವೂ ಇರಬೇಕು.

ಅದೇ ವರ್ಷ ಅಮೆರಿಕದ ಒಕ್ಲಹೋಮಾದಲ್ಲಿ ಮುಜಫರ್ ಶೆರಿಫ್ ಒಂದು ಪ್ರಯೋಗ ಮಾಡಿದರು. ಬೇಸಿಗೆ ಶಿಬಿರಕ್ಕೆ ಬಂದ 22 ಹುಡುಗರನ್ನು ಎರಡು ಗುಂಪು ಮಾಡಿ, ಪಂದ್ಯಗಳಲ್ಲಿ ಎದುರುಬದುರು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಹೊಡೆದಾಟ ಶುರುವಾಯಿತು. ಒಟ್ಟಿಗೆ ಊಟಕ್ಕೆ ಕೂರಿಸಿ ನೋಡಿದರು, ಹುಡುಗರು ಊಟವನ್ನೇ ಎಸೆದಾಡಿದರು. ಆಮೇಲೆ ಶಿಬಿರಕ್ಕೆ ನೀರು ಬರುವುದು ನಿಂತಿತು, ಲಾರಿ ಕೆಟ್ಟಿತು. ಎರಡೂ ಬೇಕೆಂದೇ ಏರ್ಪಡಿಸಿದ್ದು. ಎಲ್ಲರೂ ಸೇರಿ ಹುಡುಕಿದರೆ ಮಾತ್ರ ನೀರು, ಎಲ್ಲರೂ ಸೇರಿ ಹಗ್ಗ ಎಳೆದರೆ ಮಾತ್ರ ಲಾರಿ. ನಿಧಾನಕ್ಕೆ ಜಗಳ ಇಳಿಯಿತು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಆ ಹುಡುಗರೆಲ್ಲ ಒಂದೇ ಬಗೆಯ ಮನೆಗಳಿಂದ ಬಂದವರು, ಅವರ ಹಗೆಗೆ ಕೆಲವು ದಿನಗಳಷ್ಟೇ ವಯಸ್ಸು. ಮನೆಯಲ್ಲಿ ಸಾವು ಕಂಡವರ ಹಗೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಹಾಗಾದರೆ ಬೆಟ್ಟವೇ ಯಾಕೆ? ಬಂಡೆ ಹತ್ತುವಾಗ ಮೇಲಿರುವವನ ಜೀವ ಕೆಳಗೆ ಹಗ್ಗ ಹಿಡಿದವಳ ಕೈಯಲ್ಲಿರುತ್ತದೆ. ಅರ್ಧ ಗಂಟೆ ಬಿಟ್ಟು ಅವಳ ಜೀವ ಅವನ ಕೈಯಲ್ಲಿ. "ಅವರನ್ನು ನಂಬಬಾರದು" ಎಂದು ಕೇಳುತ್ತಲೇ ಬೆಳೆದ ಹುಡುಗನಿಗೆ ಇದನ್ನು ಯಾವ ಭಾಷಣವೂ ಕೊಡಲಾರದು. ಜೊತೆಗೆ, ಆ ಜಾಗ ಯಾರ ಊರೂ ಅಲ್ಲ. ಮಳೆ ಇಬ್ಬರನ್ನೂ ಒಂದೇ ಥರ ನೆನೆಸುತ್ತದೆ. ಹೊಸ ಕೆಲಸದಲ್ಲಿ ಎಲ್ಲರೂ ಕಚ್ಚಾ. ನನಗೆ ಇನ್ನೊಂದು ಸಂಗತಿ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಮೇಜಿನ ಆಚೆ ಈಚೆ ಕೂತು ಮುಖ ನೋಡಿಕೊಂಡು ಆಡಲಾಗದ ಮಾತು, ದಾರಿ ನೋಡುತ್ತಾ ಪಕ್ಕಪಕ್ಕದಲ್ಲಿ ನಡೆಯುವಾಗ ತಾನಾಗಿ ಬರುತ್ತದೆ. ಮಧ್ಯೆ ಮೌನ ಬಂದರೂ ಯಾರಿಗೂ ಮುಜುಗರವಿಲ್ಲ.

2004ರ ಜನವರಿಯಲ್ಲಿ ನಾಲ್ವರು ಇಸ್ರೇಲಿಗಳು, ನಾಲ್ವರು ಪ್ಯಾಲೆಸ್ಟೀನಿಯರು ಚಿಲಿಯಿಂದ ಹಾಯಿದೋಣಿಯಲ್ಲಿ ಅಂಟಾರ್ಕ್ಟಿಕಾಗೆ ಹೋಗಿ, ಹೆಸರಿಲ್ಲದ ಒಂದು ಶಿಖರ ಹತ್ತಿದರು. ಅದಕ್ಕೆ ಇಸ್ರೇಲಿ–ಪ್ಯಾಲೆಸ್ಟೀನಿ ಸ್ನೇಹದ ಪರ್ವತ ಎಂದು ಹೆಸರಿಟ್ಟರು. ಆ ಎಂಟು ಜನರ ಧೈರ್ಯ ದೊಡ್ಡದು. ಆದರೆ ಅದೇ ಹೊತ್ತಿಗೆ ಅವರ ನಾಡಿನಲ್ಲಿ ಎರಡನೇ ಇಂತಿಫಾದಾದ, ಅಂದರೆ ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆಯ, ರಕ್ತಪಾತ ನಡೆದೇ ಇತ್ತು. ಎಂಟು ಜನರ ಸ್ನೇಹ ಉಳಿದ ಲಕ್ಷಾಂತರ ಜನಕ್ಕೆ ತಾನಾಗಿ ಹರಡುವುದಿಲ್ಲ.

ಇದನ್ನು ಅಳೆದು ನೋಡಿದ ಅಧ್ಯಯನ ಇರಾಕ್‌ನದು. ಐಸಿಸ್ ದಾಳಿಯಿಂದ ಊರು ಬಿಟ್ಟಿದ್ದ ಕ್ರೈಸ್ತರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ಸಲ್ಮಾ ಮೂಸಾ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ. ಮಿಶ್ರ ತಂಡದಲ್ಲಿದ್ದ ಕ್ರೈಸ್ತರು ಆರು ತಿಂಗಳ ಮೇಲೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುವುದು ಜಾಸ್ತಿ ಇತ್ತು. ಮೈದಾನದ ಹೊರಗೆ, ಪರಿಚಯವಿಲ್ಲದ ಮುಸ್ಲಿಮರ ನಡುವೆ ಹೋಗಬೇಕಾದಾಗ ಮಾತ್ರ ಅಷ್ಟು ಬದಲಾವಣೆ ಕಾಣಲಿಲ್ಲ. ಅಂದರೆ "ನನ್ನ ತಂಡದವನು" ಒಳ್ಳೆಯವನಾದ, "ಅವರು" ಇನ್ನೂ ಅವರೇ.

ತಂಡ ಕಟ್ಟುವ ರೀತಿಯೂ ಫಲ ಬದಲಿಸುತ್ತದೆ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ 1,261 ಯುವಕರ ಕ್ರಿಕೆಟ್ ಲೀಗ್ ನಡೆಸಿ ನೋಡಿದರು. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಜಾತಿ ದಾಟಿದ ಗೆಳೆತನ ಹೆಚ್ಚಿತು. ಎದುರಾಳಿಯಾಗಿ ಆಡಿದ್ದರ ಪರಿಣಾಮ ಬಹುಪಾಲು ತಿರುಗುಮುರುಗು. ಹಾಗಾಗಿ ಒಂದು ಸಮುದಾಯದ್ದು ಒಂದು ದೋಣಿ, ಇನ್ನೊಂದರದ್ದು ಇನ್ನೊಂದು ದೋಣಿ ಮಾಡಿ ರೇಸ್ ಬಿಡುವ ಶಿಬಿರಕ್ಕೆ ಮಕ್ಕಳನ್ನು ಕಳಿಸಲೇಬೇಡಿ.

ಬರೀ ಖುಷಿಯಾಗಿ ಕಳೆಯುವುದರಲ್ಲೂ ಅಪಾಯವಿದೆ. ಎರಡು ಗುಂಪುಗಳಲ್ಲಿ ಒಂದು ಬಲವಾದದ್ದು, ಒಂದು ಸೋತದ್ದು ಎಂದಿಟ್ಟುಕೊಳ್ಳಿ. ಎಲ್ಲರೂ ನಗುನಗುತ್ತಾ ಇದ್ದರೆ, ಸೋತವರು "ಇನ್ನು ಇವರು ನಮ್ಮನ್ನು ನ್ಯಾಯವಾಗಿ ನೋಡುತ್ತಾರೆ" ಎಂದು ನಂಬುತ್ತಾರೆ. ಬಲವಿದ್ದವರು ಹಂಚಿಕೊಳ್ಳುವ ಹೊತ್ತಿಗೆ ಹಾಗೆ ನಡೆದುಕೊಳ್ಳದೇ ಇರಬಹುದು. ತಮಾರ್ ಸಾಗೈ ಮತ್ತು ಸಂಗಡಿಗರ 2009ರ ಸಂಶೋಧನೆ ಇದನ್ನೇ ತೋರಿಸಿತು. ಭೂಮಿ, ಸಾವು, ಅವಮಾನ ಇವುಗಳ ಮಾತು ಬರಲೇಬೇಕು. ಮೊದಲ ದಿನ ಬೇಡ. ಒಂದೆರಡು ದಿನ ಒಟ್ಟಿಗೆ ದಣಿದ ಮೇಲೆ, ಎರಡೂ ಕಡೆಯ ಭಾಷೆ, ನೋವು ಬಲ್ಲ ಮಾರ್ಗದರ್ಶಕರು ಪಕ್ಕದಲ್ಲಿದ್ದಾಗ ಬರಲಿ.

ಮನೆಗೆ ಮರಳುವುದೇ ಕಠಿಣ ಘಟ್ಟ. 1993ರಿಂದ ಅಮೆರಿಕದ ಮೇನ್ ರಾಜ್ಯದಲ್ಲಿ ಇಸ್ರೇಲಿ, ಪ್ಯಾಲೆಸ್ಟೀನಿ ಮಕ್ಕಳಿಗೆ ಶಿಬಿರ ನಡೆಸುತ್ತಾ ಬಂದ ಸೀಡ್ಸ್ ಆಫ್ ಪೀಸ್ ಅನ್ನು ಅಧ್ಯಯನ ಮಾಡಿದವರು ಕಂಡದ್ದು: ಶಿಬಿರದಲ್ಲಿ ಮೂಡಿದ ಒಳ್ಳೆಯ ಭಾವನೆ ಮನೆಗೆ ಹೋದ ತಿಂಗಳುಗಳಲ್ಲಿ ಸ್ವಲ್ಪ ಇಳಿಯಿತು. ಆದರೆ ಆ ಕಡೆಯ ಒಬ್ಬರಾದರೂ ಆಪ್ತ ಸ್ನೇಹಿತರಾದ ಮಕ್ಕಳಲ್ಲಿ ಬದಲಾವಣೆ ಜಾಸ್ತಿ ಇತ್ತು. ಇಡೀ ಗುಂಪಿನ ಪರಿಚಯಕ್ಕಿಂತ ಒಬ್ಬ ಗೆಳೆಯ ಹೆಚ್ಚು ಕೆಲಸ ಮಾಡಿದ, ಅಲ್ವಾ? ಊರಿನಲ್ಲಿ ಆ ಮಗುವನ್ನು "ದ್ರೋಹಿ" ಅನ್ನುವವರು ಇರುತ್ತಾರೆ. ಒಂಟಿಯಾಗಿ ಅದನ್ನು ತಡೆದುಕೊಳ್ಳಲು ಹದಿನೈದರ ವಯಸ್ಸಿಗೆ ಆಗುವುದಿಲ್ಲ. ತಂದೆತಾಯಿ, ಶಿಕ್ಷಕರನ್ನೂ ಮೊದಲೇ ಒಳಗೆ ಸೇರಿಸಿಕೊಳ್ಳಬೇಕು.

ನಿಮ್ಮ ಮಗುವನ್ನೋ ವಿದ್ಯಾರ್ಥಿಗಳನ್ನೋ ಇಂಥ ಕಾರ್ಯಕ್ರಮಕ್ಕೆ ಕರೆದರೆ, ಯಾವ ಬೆಟ್ಟ ಅಂತ ಮೊದಲು ಕೇಳಬೇಡಿ. ಮಾರ್ಗದರ್ಶಕರು ಎರಡೂ ಸಮುದಾಯದವರಾ, ಟೆಂಟ್‌ಗಳಲ್ಲಿ ಮಕ್ಕಳನ್ನು ಬೆರೆಸುತ್ತಾರಾ, ಯಾರಾದರೂ ಗಾಯಗೊಂಡರೆ ವ್ಯವಸ್ಥೆ ಏನು ಅಂತ ಕೇಳಿ. ಮುಂದಿನ ಭೇಟಿ ಯಾವಾಗ, ಅಲ್ಲಿಗೆ ಹೋಗಿಬರುವ ಖರ್ಚನ್ನು ಈಗಲೇ ಎತ್ತಿಟ್ಟಿದ್ದಾರಾ ಅಂತಲೂ ಕೇಳಿ. ಈ ಕೊನೆಯದಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ನಿಮ್ಮ ಪಿಕ್ನಿಕ್ ಅನುಮಾನ ನಿಜ.